ಹೊರಗ ಕುಂತ ಅಧ್ಯಕ್ಷ

ಗೋದಾಮಿನ ಮೆಟ್ಟಿಲಿಗೆ ಹಾಸಿದ್ದು ಶಹಾಬಾದಿ ಪರ್ಸಿ.
ಮಧ್ಯಾಹ್ನದ ಬಿಸಲೆಲ್ಲ ಕುಡದು ಈಗ ಸಂಜಿಗೆ
ನನ್ನ ಧೋತರದೊಳಗ ಕಕ್ಕಲಾಕತ್ತಾದ.
ಒಳಗ ನನ್ನ ಕುರ್ಚಿ ಖಾಲಿ ಅದ,
ಅದರ ಮುಂದಿನ ಟೇಬಲ್ ಮ್ಯಾಲ
ಒಂದು ಕೆಂಪು ಮುಚ್ಚಳ.

ಈ ಕಾಯ್ದೆ ಮಾಡಿಸಿದಾವ ನಾನೇ.
ಮಿರಗ ಮಳಿಗಿಂತ ಮೊದಲ
ಕಮಲಾಪುರದಿಂದ ತಬಸ್ಸುಮ್ ಅಂಬೋ ಹುಡುಗಿ ಬಂದಿದ್ದಳು,
ಮೂರು ದಿನದ ತರಬೇತಿ.
ಹಲಗಿ ಇರಲಿಲ್ಲ, ಗೋದಾಮಿನ ಬಾಗಿಲ ಮ್ಯಾಲೇ ಬರದು ತೋರಿಸಿದಳು:
ನಡುವಿನ ಪಟ್ಟಿ ಎಷ್ಟು ಅಗಲ ಬಿಡಬೇಕು,
ಬಾಜೂ ಹೊಲದಾವ ಎಣ್ಣಿ ಹೊಡದ್ರ ಗಾಳಿ ಯಾಕಡಿ ನೋಡಬೇಕು,
ಗೊಬ್ಬರದ ಚೀಲದಾಗ ತೊಗರಿ ತುಂಬಿದ್ರ
ಮೂರು ವರ್ಷದ ಕಷ್ಟ ಹೆಂಗ ಆ ಚೀಲದಾಗೇ ಸಾಯ್ತಾದ.
ಕಡಿ ದಿನ ಕೇಳಿದಳು,
'ಪದಾಧಿಕಾರಿದೇ ತಪ್ಪು ಬಂದ್ರ?'
ಎಲ್ಲಾರೂ ನನ್ನ ಮಾರಿ ನೋಡಿದರು. ನಾ ನಕ್ಕೆ.
'ಅಂವ ಹೊರಗ ಹೋಗಬೇಕು,' ಅಂದೆ,
'ಅವನ ಮಾತು ಮುಗಿಯೋತನ ಒಳಗ ಬರಬಾರದು.'
ಚಪ್ಪಾಳಿ ಬಿದ್ದವು. ಠರಾವು ನಂಬರ್ ಹದಿನಾಲ್ಕು.
ಬಾಗಿಲ ಮ್ಯಾಲ ಇನ್ನೂ ಅದ, ಅರ್ಧ ಅಳಿಸಿ, 'ಹಿತಾಸಕ್ತಿ' ಅಂತ.

ತೊಗರಿ ಹೂವಿಗೆ ಬಂದಾಗ ಮೂರು ದಿನ ಮಂಜು ಕವಿದಿತ್ತು.
ಹೂವು ಉದುರಲಾಕತ್ತವು, ಕೀಡಿ ಕಾಯೊಳಗ ತಲಿ ಇಟ್ಟಿತು.
ಬೇವಿನ ರಸ ಹೊಡದೆ, ಖರೆ.
ಮೆಣಸಿನಕಾಯಿ ಬಳ್ಳೊಳ್ಳಿ ಕಷಾಯ ಹೊಡದೆ, ಅದೂ ಖರೆ.
ಮೂರನೇ ಸಂಜಿ ಬಾಜೂ ಹೊಲದ ಸಿದ್ರಾಮನ ಪಂಪು
ಬದುವಿನ ಮ್ಯಾಲೇ ಇತ್ತು.
ನಾಕೇ ನಾಕು ಸಾಲು.
ಹೊಲದ ವಹಿಯಾಗ ಆ ತಾರೀಖಿನ ಮುಂದ
'ಬೇವು' ಅಂತ ಬರದೆ. ಅಕ್ಷರ ದುಂಡಗ ಬಂದವು.

ಜಗದೇವಿ ತಪಾಸಣಿಗೆ ಬಂದಳು, ಬಡಿಗೇರ ಮನಿ ಸೊಸಿ,
ಸಾಲು ಸಾಲು ನಡದಳು, ಏನೂ ಕೇಳಲಿಲ್ಲ.
ಬಗ್ಗಿ ಏನೋ ತಗೊಂಡು ಪರ್ಸಿನಾಗ ಹಾಕಿದಳು.
'ಕಾಕಾ, ನೀರು ಕೊಡ್ರಿ' ಅಂದಳು.
ಕುಡದು ಹೋದಳು.

ಈಗ ಒಳಗಿಂದ ಎಣಿಸೋ ಸಪ್ಪಳ.
ಒಂದು, ಎರಡು, ಮೂರು, ನಾಕು. ಮತ್ತೊಮ್ಮೆ. ನಾಕೇ.
ನಾ ಹೊರಗ ಬಂದ ಮ್ಯಾಲ ಕೋರಂ ಮುರದಾದ.
ಐದು ಮಂದಿ ಇಲ್ದ ನನ್ನ ತಪ್ಪೂ ತಪ್ಪಲ್ಲ.
ದೇವರ ಆಣಿ, ಒಂದು ಗಳಿಗಿ ಖುಷಿ ಆಯ್ತು.

ಗಿರಣಿಗೆ ಹುಡುಗನ್ನ ಓಡಿಸಿದರು.
ಮಹಿಬೂಬಿ ಬಂದಳು, ಮೊಣಕೈ ತನಕ ಜೋಳದ ಹಿಟ್ಟು,
ಮೆಟ್ಟಿಲ ಮ್ಯಾಲ ನನ್ನ ನೋಡಿ ನಿಂತಳು:
'ಯಾಕ್ರೀ, ಹೊರಗ?'
'ನನ್ನ ವಿಷಯ ನಡೀಬೇಕಾಗ್ಯಾದ.
ನೀ ಒಳಗ ಹೋಗದ ಹೊರತು ಶುರು ಆಗಲ್ಲ.'
ಅಕಿ ಕೈ ಝಾಡಿಸಿಕೊಂಡಳು. ಹಿಟ್ಟು ನನ್ನ ಟೋಪಿ ಮ್ಯಾಲ ಬಿತ್ತು.
ಒಳಗ ಹೋಗಿ ಬಾಗಿಲು ಹಾಕಿದಳು.

ಎಷ್ಟು ಹೊತ್ತು ಗೊತ್ತಾಗಲಿಲ್ಲ.
ಚಿಂಚೋಳಿ ಬಸ್ಸು ಹೋಯ್ತು, ಕಂಡಕ್ಟರ್ ಕೈ ಎತ್ತಿದ,
ಅಧ್ಯಕ್ಷರಿಗೆ ನಮಸ್ಕಾರ ಅಂತ.
ಒಳಗ ಯಾರೋ ನಕ್ಕರು. ನನ್ನ ಬಗ್ಗೆ ಇರಲಿಕ್ಕಿಲ್ಲ.
ಆಮ್ಯಾಲ ಯಾರೂ ನಗಲಿಲ್ಲ.

'ಅಧ್ಯಕ್ಷರ, ಬರ್ರಿ ಒಳಗ.'
ಜಗದೇವಿ ನಿಂತು ಓದಿದಳು:
ಎರಡು ಎಕರೆ ಮೊದಲನೇ ವರ್ಷಕ್ಕೆ ವಾಪಸ್.
ಆ ಹೊಲದ ತೊಗರಿಗೆ ಬೇರೆ ಚೀಲ, ಬೇರೆ ರಾಶಿ, ಬೇರೆ ದರ.
ಈ ಚರ್ಚೆಯ ವೇಳೆ ಅಧ್ಯಕ್ಷರು ಸಭೆಯಿಂದ ಹೊರಗಿದ್ದರು.
ಓದೋವಾಗ ಅಕಿ ಧ್ವನಿ ನಡುಗಿತು,
ವಹಿ ಮಾರಿಗಿ ಅಡ್ಡ ಹಿಡಕೊಂಡಿದ್ದಳು.

ಮೂರು ವರ್ಷ. ಮತ್ತ ಒಂದರಿಂದ.
ನನ್ನ ಹೊಲದ ವಹಿ ತಗೊಂಡೆ. 'ಬೇವು' ಅಂತ ಇದ್ದದ್ದನ್ನ
ಪೂರಾ ಗೀಚಿ ಹಾಕಲಿಲ್ಲ,
ಹಂಗ ಮಾಡಬಾರದು ಅಂತ ತಬಸ್ಸುಮ್ ಹೇಳಿದ್ದಳು;
ಒಂದೇ ಗೆರಿ ಎಳದು, ತಪ್ಪನ್ನ ಓದಲಾಕ ಬರೋಹಂಗ ಬಿಟ್ಟು,
ಬಾಜೂಕ ಎಣ್ಣಿ ಹೆಸರು ಬರದೆ, ಸಹಿ ಮಾಡಿದೆ, ತಾರೀಖು ಹಾಕಿದೆ.

ಮಹಿಬೂಬಿ ಮುಚ್ಚಳ ಎತ್ತಿ ಕಿಟಕ್ಯಾಗ ಇಟ್ಟಳು.
ಕುರ್ಚಿ ಸರಿಸಿ ಕೊಟ್ಟಳು.
'ಕುಂದರ್ರಿ. ಚೀಲದ ದರದ ಮಾತು ಬಾಕಿ ಅದ,
ಕೋರಂ ಇರೋದ್ರೊಳಗ ಮುಗಸ್ರಿ.
ನನ್ನ ಹಿಟ್ಟು ಗಿರಣ್ಯಾಗ ಅದ.'